ಬಿದ್ದವರ ಕಥೆ, ನೋಡಿದವರ ಬಾಯಲ್ಲಿ

ತಲೆಸುತ್ತಿಗೆ ನಮ್ಮ ಕನ್ನಡದಲ್ಲಿ ಇರುವಷ್ಟು ಮಾತುಗಳು ಬೇರೆ ಯಾವ ತೊಂದರೆಗೂ ಇರಲಾರವೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ತಲೆ ತಿರುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಬವಳಿ ಬರುತ್ತದೆ, ಜೋಲಿ ಹೊಡೆಯುತ್ತದೆ, ತೇಲಿದ ಹಾಗಾಗುತ್ತದೆ, ನೆಲವೇ ಕುಸಿದಂತಾಗುತ್ತದೆ, ಜ್ಞಾನ ತಪ್ಪುತ್ತದೆ. ತಾಲ್ಲೂಕು ಕೇಂದ್ರವೊಂದರಲ್ಲಿ ವೈದ್ಯನಾಗಿರುವ ನನ್ನ ಮುಂದೆ ದಿನಕ್ಕೆ ನಾಲ್ಕೈದು ಮಂದಿಯಾದರೂ ಇವುಗಳಲ್ಲಿ ಒಂದು ಮಾತನ್ನು ಹೇಳಿ ಕೂರುತ್ತಾರೆ. ಜೊತೆಗೆ ಕಾರಣವನ್ನೂ ತಾವೇ ಹೇಳಿಬಿಡುತ್ತಾರೆ: ‘ಪಿತ್ತ ಜಾಸ್ತಿಯಾಗಿದೆ’, ‘ಬಿ.ಪಿ. ಲೋ ಆಗಿದೆ’, ‘ಕತ್ತಿನ ಮೂಳೆ ಸವೆದಿದೆ’, ‘ದೃಷ್ಟಿ ತಾಗಿದೆ’. ಮಕ್ಕಳಾದರೆ ಕಾರಣ ಇನ್ನೂ ಸುಲಭ: ‘ಊಟ ಸರಿಯಾಗಿ ಮಾಡಲ್ಲ ಡಾಕ್ಟ್ರೇ.’ ಪರೀಕ್ಷೆ ಹತ್ತಿರ ಬಂದಿದ್ದರಂತೂ, ‘ಎಲ್ಲಾ ನಾಟಕ!’

ಕಾರಣ ಮೊದಲೇ ಗೊತ್ತಿದ್ದರೆ ವೈದ್ಯನ ಕೆಲಸ ಹಗುರ. ಆದರೆ ಒಂದೇ ಮಾತಿನ ಕೆಳಗೆ ಕಿವಿಯ ತೊಂದರೆಯೂ ಇರಬಹುದು, ರಕ್ತದೊತ್ತಡದ ಏರುಪೇರೂ ಇರಬಹುದು, ಹೃದಯದ ಕಾಯಿಲೆಯೂ ಇರಬಹುದು. ಮಾತು ಒಂದೇ ಆದರೂ ಒಂದು ಹತ್ತು ನಿಮಿಷದಲ್ಲಿ ವಾಸಿಯಾಗುವಂಥದು, ಇನ್ನೊಂದು ಪ್ರಾಣಕ್ಕೇ ಕುತ್ತು ತರುವಂಥದು. ಇವೆರಡನ್ನೂ ಬೇರ್ಪಡಿಸಲು ದೊಡ್ಡ ಯಂತ್ರವೇ ಬೇಕೆಂದು ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಹೆಚ್ಚಿನ ಸಲ ಬೇಕಾಗುವುದು ಒಂದು ಕುರ್ಚಿ, ಒಂದು ಮಂಚ, ರಕ್ತದೊತ್ತಡ ನೋಡುವ ಉಪಕರಣ, ಒಂದು ಇ.ಸಿ.ಜಿ.; ಇವೆಲ್ಲಕ್ಕಿಂತ ಮೊದಲು, ನಡೆದದ್ದನ್ನು ನಡೆದ ಹಾಗೆ ಹೇಳುವ ಒಬ್ಬ ಮನುಷ್ಯ.

ನಾವು ಓದುವಾಗ ಪಾಠ ಸರಳವಾಗಿತ್ತು. 1972ರಲ್ಲಿ ಅಮೆರಿಕದ ಡ್ರಾಕ್‌ಮನ್ ಮತ್ತು ಹಾರ್ಟ್ ಎಂಬ ಇಬ್ಬರು ವೈದ್ಯರು ತಲೆಸುತ್ತನ್ನು ನಾಲ್ಕು ಗುಂಪು ಮಾಡಿದರು. ಸುತ್ತಲಿನದೆಲ್ಲ ಗಿರ್ರನೆ ತಿರುಗುವುದು ಒಂದು. ಇನ್ನೇನು ಜ್ಞಾನ ತಪ್ಪುತ್ತದೆ ಅನ್ನಿಸುವುದು ಎರಡು. ನಡೆಯುವಾಗ ತೂರಾಡುವುದು ಮೂರು. ಇದಾವುದೂ ಅಲ್ಲದ ಮಂಕು ನಾಲ್ಕು. ರೋಗಿಯನ್ನು ‘ತಲೆಸುತ್ತು ಅಂದರೆ ನಿಮಗೆ ಏನಾಗುತ್ತದೆ?’ ಎಂದು ಕೇಳಿ, ಉತ್ತರಕ್ಕೆ ತಕ್ಕ ಗುಂಪಿಗೆ ಸೇರಿಸಿದರೆ ಅರ್ಧ ಕೆಲಸ ಮುಗಿಯಿತು ಎಂದು ನಮಗೆ ಹೇಳಿಕೊಡಲಾಗಿತ್ತು.

ಆದರೆ ಮನುಷ್ಯರು ಹಾಗೆ ಗುಂಪಿಗೆ ಸೇರುವವರಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತಲೆಸುತ್ತಿನಿಂದ ತುರ್ತು ಚಿಕಿತ್ಸೆಗೆ ಬಂದವರಿಗೆ ಇದೇ ಪ್ರಶ್ನೆಯನ್ನು ಕೆಲವೇ ನಿಮಿಷ ಬಿಟ್ಟು ಮತ್ತೊಮ್ಮೆ ಕೇಳಿದರು. ಸುಮಾರು ಅರ್ಧದಷ್ಟು ಜನ ತಮ್ಮ ಉತ್ತರವನ್ನೇ ಬದಲಾಯಿಸಿದ್ದರು. ಅವರು ಸುಳ್ಳು ಹೇಳಿದರೆಂದಲ್ಲ. ಒಳಗೆ ಆಗುವ ಆ ಗಲಿಬಿಲಿಗೆ ಇದೇ ಸರಿಯಾದ ಹೆಸರು ಎಂದು ಹೇಳುವುದು ಯಾರಿಗೂ ಕಷ್ಟ. ಆದರೆ ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಏನು ಮಾಡುತ್ತಿದ್ದಾಗ ಬಂತು ಎಂಬ ಪ್ರಶ್ನೆಗಳಿಗೆ ಅದೇ ಜನ ಬಹುಮಟ್ಟಿಗೆ ಒಂದೇ ಉತ್ತರ ಕೊಡುತ್ತಿದ್ದರು. ಆದ್ದರಿಂದ ಈಗ ನಾವು ಕಾಯಿಲೆಯ ಹೆಸರನ್ನು ಕೇಳುವುದಕ್ಕಿಂತ ಅದರ ಕಥೆಯನ್ನು ಕೇಳುತ್ತೇವೆ.

ಅಂಥ ಒಂದು ಕಥೆ ನಮ್ಮ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರದು. ಎಪ್ಪತ್ತರ ಆಸುಪಾಸಿನ ಅವರು ಎಂಟು ತಿಂಗಳಿಂದ ಕತ್ತಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಎಕ್ಸ್‌ರೇಯಲ್ಲಿ ಕತ್ತಿನ ಮೂಳೆ ಸವೆದಿದೆ ಎಂದು ಯಾರೋ ಹೇಳಿದ್ದರಂತೆ. ಆ ವಯಸ್ಸಿನಲ್ಲಿ ಯಾರ ಕತ್ತಿನ ಚಿತ್ರ ತೆಗೆದರೂ ಅಷ್ಟು ಸವೆತ ಕಾಣುತ್ತದೆ. ತಲೆಸುತ್ತಿನ ಮಾತ್ರೆಗಳನ್ನು ದಿನಕ್ಕೆ ಮೂರರಂತೆ ನುಂಗಿ ನುಂಗಿ ಮಂಕಾಗಿದ್ದರು. ಕೈ ಸಣ್ಣಗೆ ನಡುಗಲು ಶುರುವಾಗಿತ್ತು.

‘ಯಾವಾಗ ಬರುತ್ತೆ ಅಜ್ಜಿ?’ ಎಂದು ಕೇಳಿದೆ.

‘ಯಾವಾಗ್ಲೂ ಬತ್ತದೆ ಬುದ್ಧಿ.’

‘ಈಗ ಇದೆಯಾ?’

‘ಈಗಿಲ್ಲ. ರಾತ್ರಿ ಮಗ್ಗುಲು ಬದಲಾಯಿಸ್ದಾಗ ಬತ್ತದೆ. ಬೆಳಿಗ್ಗೆ ಏಳೋವಾಗ ಮನೆ ತೊಲೆಗಳೆಲ್ಲ ಗಿರ್ರನೆ ತಿರುಗ್ತವೆ. ಅಟ್ಟದ ಮೇಲಿನ ಡಬ್ಬ ತೆಗೆಯೋಕೆ ಕತ್ತೆತ್ತಿದ್ರೂ ಅಷ್ಟೇ.’

‘ಎಷ್ಟು ಹೊತ್ತು ಇರುತ್ತೆ?’

‘ಒಂದು ಎಲೆ ಮಡಚಿ ಬಾಯಿಗೆ ಹಾಕ್ಕೊಳೋಷ್ಟು ಹೊತ್ತು.’

ಎಲೆಯಡಿಕೆಯ ಲೆಕ್ಕದಲ್ಲಿ ಅಜ್ಜಿ ಹೇಳಿದ ಆ ಅರ್ಧ ನಿಮಿಷವೇ ಕಾಯಿಲೆಯ ಗುರುತು. ಹೈಸ್ಕೂಲಿನ ವಿದ್ಯಾರ್ಥಿಗಳಿಗೆ ನೆನಪಿರಬಹುದು, ನಮ್ಮ ಒಳಕಿವಿಯಲ್ಲಿ ಕೇಳಿಸಿಕೊಳ್ಳುವ ಭಾಗದ ಜೊತೆಗೆ ದೇಹದ ಸಮತೋಲ ಕಾಯುವ ಭಾಗವೂ ಇದೆ. ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳು ತಲೆ ತಿರುಗಿದ್ದನ್ನು ಮಿದುಳಿಗೆ ತಿಳಿಸುತ್ತವೆ. ಅವುಗಳ ಪಕ್ಕದ ಪುಟ್ಟ ಚೀಲದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿವೆ. ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಇವುಗಳಲ್ಲೂ ಇರುವುದು. ವಯಸ್ಸಾದಾಗ ಅಥವಾ ತಲೆಗೆ ಪೆಟ್ಟು ಬಿದ್ದಾಗ ಕೆಲವು ಹರಳುಗಳು ಕಳಚಿ ನಾಳದೊಳಕ್ಕೆ ಸೇರಿಕೊಳ್ಳುತ್ತವೆ. ಮಲಗಿ ಮಗ್ಗುಲಾದಾಗ ಅವು ಉರುಳುತ್ತವೆ, ದ್ರವ ಅಲುಗುತ್ತದೆ. ತಲೆ ಸುಮ್ಮನಿದ್ದರೂ ತಿರುಗುತ್ತಿದೆ ಎಂಬ ತಪ್ಪು ಸುದ್ದಿ ಮಿದುಳಿಗೆ ಹೋಗುತ್ತದೆ. ಹರಳುಗಳು ತಳ ಸೇರಿ ನಿಂತರೆ ತಲೆಸುತ್ತೂ ನಿಲ್ಲುತ್ತದೆ.

ಇದನ್ನು ಪತ್ತೆ ಮಾಡುವ ವಿಧಾನವನ್ನು 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ವಿವರಿಸಿದರು. ರೋಗಿಯನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿ ತಲೆಯನ್ನು ಮಂಚದ ಅಂಚಿಗಿಂತ ತುಸು ಕೆಳಗೆ ಇಳಿಬಿಡಬೇಕು. ಕೆಲವು ಸೆಕೆಂಡುಗಳಲ್ಲಿ ಕಣ್ಣುಗುಡ್ಡೆಗಳು ತಾವಾಗಿಯೇ ತಿರುಚಿಕೊಂಡು ಅದುರತೊಡಗುತ್ತವೆ. ಹಾಗೆಯೇ 1992ರಲ್ಲಿ ಅಮೆರಿಕದ ಜಾನ್ ಎಪ್ಲಿ ಎಂಬ ಕಿವಿಯ ವೈದ್ಯರು ಚಿಕಿತ್ಸೆಯ ಒಂದು ಕ್ರಮವನ್ನು ಪ್ರಕಟಿಸಿದರು. ತಲೆಯನ್ನು ಒಂದಾದ ಮೇಲೊಂದರಂತೆ ಗೊತ್ತಾದ ಭಂಗಿಗಳಿಗೆ ತಿರುಗಿಸುತ್ತ ಹೋದರೆ, ಹರಳುಗಳು ಬಂದ ದಾರಿಯಲ್ಲೇ ಉರುಳಿ ತಮ್ಮ ಚೀಲಕ್ಕೆ ಮರಳುತ್ತವೆ. ಮಾತ್ರೆ ಬೇಡ, ಚುಚ್ಚುಮದ್ದು ಬೇಡ. ಅಜ್ಜಿಗೆ ಮಾಡಿದ್ದೂ ಅಷ್ಟೇ. ಮೊದಲ ಸಲ ‘ಅಯ್ಯಯ್ಯೋ, ಹಿಡ್ಕೊಳ್ರಪ್ಪೋ’ ಎಂದು ಕೂಗಿಕೊಂಡರು. ಎರಡನೆಯ ಸಲ ಮಾಡಿದಾಗ ಸುಮ್ಮನೆ ಮಲಗಿ, ‘ಎಲ್ಲಿ ಹೋಯ್ತು?’ ಎಂದು ನನ್ನನ್ನೇ ಕೇಳಿದರು. ಇದು ಮರುಕಳಿಸುವುದುಂಟು, ಆಗ ಮತ್ತೆ ಮಾಡಿದರಾಯಿತು. ಕತ್ತಿನ ಪಟ್ಟಿ ಬಿಚ್ಚಿಸಿದೆ, ಮಾತ್ರೆ ನಿಲ್ಲಿಸಿದೆ. ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್‌ನಂಥ ಮಾತ್ರೆಗಳನ್ನು ವಯಸ್ಸಾದವರು ತಿಂಗಳುಗಟ್ಟಲೆ ನುಂಗಿದರೆ ಕೈನಡುಕ, ಮೈ ಬಿಗಿತ ಬರುವ ಅಪಾಯವಿದೆ. ಅಜ್ಜಿಯ ನಡುಕವೂ ಕ್ರಮೇಣ ಕಡಿಮೆಯಾಯಿತು.

ರೋಗಿಯ ಮಾತನ್ನು ಕಿವಿಗೊಟ್ಟು ಕೇಳಿದ್ದರಿಂದಲೇ ಈ ಶಾಸ್ತ್ರ ಬೆಳೆಯಿತು ಎನ್ನುವುದಕ್ಕೆ ಚರಿತ್ರೆಯಲ್ಲೂ ಸಾಕ್ಷಿ ಇದೆ. ವಿಯೆನ್ನಾದ ರಾಬರ್ಟ್ ಬಾರಾನಿ ರೋಗಿಗಳ ಕಿವಿಯನ್ನು ಪಿಚಕಾರಿಯಿಂದ ತೊಳೆಯುತ್ತಿದ್ದಾಗ ಹಲವರು ತಲೆಸುತ್ತು ಎನ್ನುತ್ತಿದ್ದರು. ಒಬ್ಬ ರೋಗಿ, ನೀರು ಸಾಕಷ್ಟು ಬೆಚ್ಚಗಿಲ್ಲದಾಗ ಮಾತ್ರ ತನಗೆ ಹೀಗಾಗುತ್ತದೆ ಎಂದ. ಇನ್ನೊಮ್ಮೆ ನೀರು ಬಹಳ ಬಿಸಿಯಾದಾಗಲೂ ತಲೆಸುತ್ತು ಬಂತು, ಆದರೆ ಕಣ್ಣು ಅದುರಿದ್ದು ವಿರುದ್ಧ ದಿಕ್ಕಿಗೆ! ಬೇರೆಯವರಾದರೆ ಗೊಣಗಾಟವೆಂದು ಬಿಟ್ಟುಬಿಡುತ್ತಿದ್ದ ಈ ಮಾತಿನಿಂದಲೇ ಬಾರಾನಿ ಒಳಕಿವಿಯ ಕೆಲಸವನ್ನು ಪರೀಕ್ಷಿಸುವ ವಿಧಾನ ಕಂಡುಕೊಂಡರು. 1914ರ ನೊಬೆಲ್ ಪ್ರಶಸ್ತಿ ಅವರಿಗೆ ಬಂತು. ಆ ಸುದ್ದಿ ಬಂದಾಗ ಅವರು ರಷ್ಯದಲ್ಲಿ ಯುದ್ಧಕೈದಿಯಾಗಿದ್ದರು.

ಎಷ್ಟು ಹೊತ್ತು ಎಂಬ ಪ್ರಶ್ನೆಯೊಂದೇ ಎಷ್ಟೋ ದಾರಿ ತೋರಿಸುತ್ತದೆ. ಅರ್ಧ ನಿಮಿಷವಾದರೆ ಹರಳು. ಗಂಟೆಗಟ್ಟಲೆ ಇದ್ದು, ಜೊತೆಗೆ ಕಿವಿಯಲ್ಲಿ ಮೊರೆತ, ಕಿವಿ ಮಂದವಾಗುವುದು ಇದ್ದರೆ ಅದು ಮೆನ್ಯೇರ್ ಕಾಯಿಲೆ ಇರಬಹುದು. 1861ರಲ್ಲಿ ಪ್ಯಾರಿಸಿನ ಮೆನ್ಯೇರ್ ಇದು ಕಿವಿಯದು ಎಂದು ತೋರಿಸಿಕೊಡುವ ತನಕ, ಮಿದುಳಿಗೆ ರಕ್ತ ನುಗ್ಗಿದೆಯೆಂದು ಇಂಥವರ ಮೈಯಿಂದ ರಕ್ತ ತೆಗೆಯುತ್ತಿದ್ದರು. ಮುದುಕರಿಗೆ ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲೆ ಬಂದರೆ, ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ ರಕ್ತದೊತ್ತಡ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಕಾರಣ ಸಿಕ್ಕಿತು. ಎಷ್ಟೋ ಸಲ ಅದು ಬಿ.ಪಿ. ಮಾತ್ರೆಯ ಪ್ರಮಾಣವೇ ಆಗಿರುತ್ತದೆ. ಆದರೆ ತಲೆಸುತ್ತು ಇದ್ದಕ್ಕಿದ್ದಂತೆ ಬಂದು ನಿಲ್ಲದೆ, ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಬಾಯಿ ಸೊಟ್ಟಗಾದರೆ, ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ ಅದು ಮಿದುಳಿನ ಪಾರ್ಶ್ವವಾಯು ಇರಬಹುದು. ಆಗ ಕಥೆ ಕೇಳುತ್ತ ಕೂರಬಾರದು, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಅಜ್ಜಿ ತನ್ನ ಕಥೆಯನ್ನು ತಾನೇ ಹೇಳಬಲ್ಲವರಾಗಿದ್ದರು. ಜ್ಞಾನ ತಪ್ಪಿ ಬಿದ್ದವರ ಪಾಡು ಬೇರೆ. ಕಥೆಯ ಮುಖ್ಯ ಭಾಗ ನಡೆಯುವಾಗ ಅವರು ಅಲ್ಲಿ ಇರುವುದೇ ಇಲ್ಲ! ಅದಕ್ಕೇ ನಾನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಈ ಮಾತು ಹೇಳಬೇಕೆಂದಿರುವುದು. ಶಾಲೆ ಕಾಲೇಜುಗಳಲ್ಲಿ ಬೀಳುವವರು ಮಕ್ಕಳು, ನೋಡುವವರೂ ಮಕ್ಕಳೇ.

ಆಗಸ್ಟ್ ಹದಿನೈದರ ಬೆಳಿಗ್ಗೆ ಶಾಲೆಯ ಬಯಲಿನಲ್ಲಿ ಸಾಲಾಗಿ ನಿಂತವರಲ್ಲಿ ಒಬ್ಬಳಾದರೂ ಕುಸಿಯುವುದನ್ನು ನೀವು ಕಂಡಿರುತ್ತೀರಿ. ಅಲುಗಾಡದೆ ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆಗೂ ಕಾಲಿಗೂ ಇಳಿಯುತ್ತದೆ. ನಡೆದಾಡುತ್ತಿದ್ದರೆ ಮೀನಖಂಡದ ಸ್ನಾಯುಗಳು ಅದನ್ನು ಹಿಂಡಿ ಮೇಲಕ್ಕೆ ತಳ್ಳುತ್ತವೆ, ನಿಂತೇ ಇದ್ದರೆ ಆ ಸಹಾಯವಿಲ್ಲ. ಜೊತೆಗೆ ಬಿಸಿಲು, ಖಾಲಿ ಹೊಟ್ಟೆ, ನೀರು ಕುಡಿಯದಿರುವುದು. ಆಗ ಕೆಲವರಲ್ಲಿ ನರಮಂಡಲ ವಿಚಿತ್ರವಾಗಿ ವರ್ತಿಸುತ್ತದೆ: ಹೃದಯದ ಬಡಿತವನ್ನು ನಿಧಾನ ಮಾಡಿ, ರಕ್ತನಾಳಗಳನ್ನು ಸಡಿಲ ಬಿಡುತ್ತದೆ. ರಕ್ತದೊತ್ತಡ ಕುಸಿದು, ಮಿದುಳಿಗೆ ರಕ್ತ ಸಾಲದೆ ಕೆಲವೇ ಸೆಕೆಂಡುಗಳಲ್ಲಿ ಜ್ಞಾನ ತಪ್ಪುತ್ತದೆ. ಸೂಜಿ ಚುಚ್ಚಿದಾಗ, ರಕ್ತ ಕಂಡಾಗ, ವಿಪರೀತ ನೋವಾದಾಗ ಬೀಳುವುದೂ ಹೀಗೆಯೇ. 1932ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಇದಕ್ಕೆ ‘ವೇಸೋವೇಗಲ್’ ಎಂಬ ಹೆಸರು ಕೊಟ್ಟರು.

ಹೀಗೆ ಬೀಳುವುದು ಒಂದು ರೀತಿಯಲ್ಲಿ ಪ್ರಕೃತಿಯೇ ಮಾಡುವ ಉಪಚಾರ. ಅಡ್ಡ ಮಲಗಿದರೆ ತಲೆ ಹೃದಯದ ಮಟ್ಟಕ್ಕೆ ಬಂದು, ರಕ್ತ ಸುಲಭವಾಗಿ ಮಿದುಳಿಗೆ ಹರಿಯುತ್ತದೆ. ಆದರೆ ನಾವು ಮಾಡುವುದೇನು? ‘ಎತ್ರೋ, ಕೂರಿಸ್ರೋ’ ಎಂದು ಹತ್ತು ಜನ ಸೇರಿ ಎತ್ತಿ ನಿಲ್ಲಿಸುತ್ತೇವೆ. ಮುಖಕ್ಕೆ ನೀರು ಎರಚುತ್ತೇವೆ, ಬಾಯಿಗೂ ಸುರಿಯುತ್ತೇವೆ. ಮೂಗಿಗೆ ಈರುಳ್ಳಿ, ಕೈಗೆ ಕಬ್ಬಿಣದ ಬೀಗದ ಕೈ. ಇದಾವುದೂ ಬೇಡ. ಮಲಗಿಸಿ, ಕಾಲನ್ನು ಎತ್ತಿ ಹಿಡಿಯಿರಿ, ಗಾಳಿ ಬಿಡಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ಏನನ್ನೂ ಹಾಕಬೇಡಿ.

ಎತ್ತಿ ನಿಲ್ಲಿಸುವುದರಿಂದ ಏನಾಗಬಹುದು ಎಂಬುದನ್ನು ಒಬ್ಬ ಹುಡುಗಿಯ ಬದುಕಿನಲ್ಲಿ ನಾನು ಕಂಡೆ. ದ್ವಿತೀಯ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದವಳು. ಹತ್ತನೆಯ ತರಗತಿಯಲ್ಲಿ ತೊಂಬತ್ತರ ಮೇಲೆ ಅಂಕ ಪಡೆದಿದ್ದವಳು ಈಗ ತರಗತಿಯಲ್ಲಿ ತೂಕಡಿಸುತ್ತಿದ್ದಳು. ಒಂದೂವರೆ ವರ್ಷದ ಹಿಂದೆ ಬೆಳಗಿನ ಬಸ್ಸಿನಲ್ಲಿ ಜ್ಞಾನ ತಪ್ಪಿ ಕೈಕಾಲು ಅದುರಿತ್ತು. ಬಸ್ಸಿನಲ್ಲಿದ್ದವರು ‘ಫಿಟ್ಸ್, ಫಿಟ್ಸ್’ ಎಂದಿದ್ದರು. ಬೇರೆ ಊರಿನಲ್ಲಿ ತೋರಿಸಿದಾಗ ಅಲ್ಲಿಯೂ ಅದೇ ಮಾತನ್ನು ಚೀಟಿಯಲ್ಲಿ ಬರೆದು, ಮೂರ್ಛೆರೋಗದ ಮಾತ್ರೆ ಶುರು ಮಾಡಿದ್ದರು. ತಲೆಯ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಆ ವಿಷಯ ನೆಂಟರಿಗೂ ಗೊತ್ತಾಗದಂತೆ ಮುಚ್ಚಿಟ್ಟಿದ್ದರು. ಈ ವರ್ಷ ಓದು ನಿಲ್ಲಿಸಿ, ಯಾರಿಗೂ ತಿಳಿಯುವ ಮೊದಲೇ ಮದುವೆ ಮಾಡಿಬಿಡಬೇಕೆಂದು ತಂದೆ ಹೇಳುತ್ತಿದ್ದರಂತೆ. ತಾಯಿ ಕಣ್ಣೊರೆಸಿಕೊಂಡು, ‘ಮಾತ್ರೆ ಜನ್ಮವಿಡೀ ತಗೋಬೇಕಾ ಡಾಕ್ಟ್ರೇ?’ ಎಂದು ಕೇಳಿದರು.

ಹುಡುಗಿಗೆ ಏನೂ ನೆನಪಿರಲಿಲ್ಲ. ಆದರೆ ಅವಳ ಜೊತೆಗೆ ದಿನವೂ ಅದೇ ಬಸ್ಸಿನಲ್ಲಿ ಬರುವ ಗೆಳತಿ ಬಂದು ಬಾಗಿಲ ಬಳಿ ನಿಂತಿದ್ದಳು. ಆ ದಿನವೂ ಅವಳು ಪಕ್ಕದಲ್ಲೇ ಇದ್ದಳಂತೆ. ಒಳಗೆ ಕರೆದು, ‘ನೋಡಿದ್ದನ್ನ ಮೊದಲಿನಿಂದ ಹೇಳಮ್ಮ’ ಎಂದೆ.

‘ಬಸ್ ತುಂಬಾ ರಶ್ ಇತ್ತು ಸಾರ್. ಮುಕ್ಕಾಲು ಗಂಟೆಯಿಂದ ನಿಂತಿದ್ವಿ. ಇವಳು ತಿಂಡಿ ತಿಂದಿರ್ಲಿಲ್ಲ. ಕಿವಿ ಗುಂಯ್ ಅಂತಿದೆ, ಕಣ್ಣು ಕಾಣ್ತಿಲ್ಲ ಕಣೇ ಅಂದ್ಲು. ಮುಖ ಬಿಳಿಚ್ಕೊಂಡಿತ್ತು, ಬೆವರ್ತಿದ್ಲು. ಆಮೇಲೆ ಕುಸಿದ್ಲು. ಕೆಳಗೆ ಬೀಳೋಕೂ ಜಾಗ ಇರ್ಲಿಲ್ಲ, ಎಲ್ರೂ ಸೇರಿ ಎತ್ತಿ ಹಿಡ್ಕೊಂಡ್ರು. ಆಗ ಕೈಕಾಲು ನಾಲ್ಕೈದು ಸಲ ಅದುರಿತು. ಬಸ್ ನಿಲ್ಲಿಸಿ ಕೆಳಗೆ ಮಲಗಿಸಿದ ತಕ್ಷಣ ಕಣ್ಣು ಬಿಟ್ಟು, ನನ್ನ ಬ್ಯಾಗ್ ಎಲ್ಲೇ ಅಂತ ಕೇಳಿದ್ಲು.’

ಇಷ್ಟು ಸ್ಪಷ್ಟವಾಗಿ ಯಾವ ಯಂತ್ರವೂ ಹೇಳಲಾರದು. ಮೂರ್ಛೆರೋಗದ ದೊಡ್ಡ ಸೆಳೆತ ಬಂದವರು ಎಚ್ಚರವಾದ ಮೇಲೂ ಸಾಮಾನ್ಯವಾಗಿ ಬಹಳ ಹೊತ್ತು ಗಲಿಬಿಲಿಯಲ್ಲಿರುತ್ತಾರೆ. ನಾಲಗೆಯ ಪಕ್ಕ ಕಚ್ಚಿಕೊಂಡಿರುತ್ತಾರೆ, ಸೆಳೆತ ಒಂದೆರಡು ನಿಮಿಷ ನಡೆದಿರುತ್ತದೆ. ಕಣ್ಣು ಬಿಟ್ಟೊಡನೆ ಬ್ಯಾಗ್ ಕೇಳುವುದಿಲ್ಲ. ಮತ್ತೆ ಆ ಕೈಕಾಲಿನ ಅದುರು? 1994ರಲ್ಲಿ ಜರ್ಮನಿಯ ವೈದ್ಯರು ಆರೋಗ್ಯವಂತ ಯುವಕ ಯುವತಿಯರಿಗೆ ಅವರ ಒಪ್ಪಿಗೆಯ ಮೇಲೆ ಜ್ಞಾನ ತಪ್ಪಿಸಿ ವಿಡಿಯೊ ಮಾಡಿದ್ದರು. ಪೂರ್ತಿ ಜ್ಞಾನ ತಪ್ಪಿದ 42 ಜನರಲ್ಲಿ ಶೇಕಡ 90ರಷ್ಟು ಮಂದಿಯ ಕೈಕಾಲು ಹೀಗೆ ಅದುರಿತ್ತು. ರಕ್ತ ಸಾಲದ ಮಿದುಳಿನ ಕ್ಷಣಕಾಲದ ಒದ್ದಾಟ ಅದು. ಎತ್ತಿ ನಿಲ್ಲಿಸಿದ್ದರಿಂದ ಅವಳ ಮಿದುಳಿಗೆ ರಕ್ತ ಇನ್ನಷ್ಟು ಕಡಿಮೆಯಾಗಿ ಅದುರು ಹೆಚ್ಚಿತ್ತು.

ಇಲ್ಲಿ ನಮ್ಮ ಭಾಷೆಯ ಪಾಲೂ ಸ್ವಲ್ಪ ಇದೆ. ಸುಮ್ಮನೆ ಬವಳಿ ಬಂದು ಬಿದ್ದರೂ ‘ಮೂರ್ಛೆ ಹೋದಳು’ ಎನ್ನುತ್ತೇವೆ, ಅಪಸ್ಮಾರಕ್ಕೂ ‘ಮೂರ್ಛೆರೋಗ’ ಎನ್ನುತ್ತೇವೆ. ಒಂದು ಮಾತಿನಿಂದ ಇನ್ನೊಂದಕ್ಕೆ ದಾಟಲು ಒಂದು ಬಸ್ಸಿನ ಜನ ಸಾಕು. ಆ ಹಣೆಪಟ್ಟಿಯ ಭಾರ ಎಂಥದೆಂದರೆ, 1999ರ ತಿದ್ದುಪಡಿಯಾಗುವ ತನಕ ಅಪಸ್ಮಾರವುಳ್ಳವರ ಮದುವೆಗೆ ಹಿಂದೂ ವಿವಾಹ ಕಾಯಿದೆಯೇ ಅಡ್ಡಿಯಾಗಿತ್ತು. ಕಾನೂನು ಬದಲಾಗಿದೆ, ಮನೆಮನೆಯ ಭಯ ಬದಲಾಗಿಲ್ಲ. ನಿಜವಾಗಿ ಮೂರ್ಛೆರೋಗ ಇರುವವರೂ ಮಾತ್ರೆ ತೆಗೆದುಕೊಂಡು ಓದಬಹುದು, ದುಡಿಯಬಹುದು, ಸಂಸಾರ ಮಾಡಬಹುದು. ಇದು ಮುಚ್ಚಿಡಬೇಕಾದ ಕಾಯಿಲೆಯಲ್ಲ. ಆದರೆ ಇಲ್ಲದ ಕಾಯಿಲೆಗೆ ಮಾತ್ರೆ ನುಂಗಿ ಮಂಕಾಗಿ, ಓದನ್ನೂ ಕಳೆದುಕೊಳ್ಳುವುದು ಯಾವ ನ್ಯಾಯ?

ಅವಳನ್ನು ನರರೋಗ ತಜ್ಞರ ಬಳಿ ಕಳಿಸಿದೆ. ಗೆಳತಿಯ ಮಾತನ್ನು ಅವಳ ಮಾತಿನಲ್ಲೇ ಬರೆದುಕೊಟ್ಟಿದ್ದೆ. ಅವರೂ ಒಪ್ಪಿ, ತಿಂಗಳುಗಟ್ಟಲೆ ನಿಧಾನವಾಗಿ ಮಾತ್ರೆ ಇಳಿಸಿ ನಿಲ್ಲಿಸಿದರು. ಇಂಥ ಮಾತ್ರೆಗಳನ್ನು ಯಾರೂ ತಾವಾಗಿ ತಟ್ಟನೆ ಬಿಡಬಾರದು, ಅದು ಅಪಾಯ. ಇ.ಸಿ.ಜಿ. ಸರಿಯಾಗಿತ್ತು. ಹಿಮೋಗ್ಲೋಬಿನ್ 12ಕ್ಕಿಂತ ಮೇಲೆ ಇರಬೇಕಾದದ್ದು 9 ಇತ್ತು. ಅದೇನೂ ಅಪರೂಪವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ ಇದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದ ಎಸೆಯುವ ಹುಡುಗಿಯರು ಇದನ್ನು ಓದಬೇಕು. ಅವಳಿಗೆ ಹೇಳಿಕೊಟ್ಟದ್ದು ಇಷ್ಟು: ತಿಂಡಿ ಬಿಡಬೇಡ, ನೀರು ಚೆನ್ನಾಗಿ ಕುಡಿ. ಕಿವಿ ಗುಂಯ್ ಎಂದೊಡನೆ ನಾಚಿಕೆ ಬಿಟ್ಟು ಕೂತುಬಿಡು, ಸಾಧ್ಯವಾದರೆ ಮಲಗು. ಜಾಗವಿಲ್ಲದಿದ್ದರೆ ಕಾಲಿನ ಮೇಲೆ ಕಾಲು ಹೆಣೆದು ತೊಡೆ ಬಿಗಿ ಹಿಡಿ, ಎರಡೂ ಕೈ ಹೆಣೆದು ಎಳೆ. ಸ್ನಾಯು ಬಿಗಿದರೆ ರಕ್ತದೊತ್ತಡ ಏರಿ, ಬೀಳುವುದು ತಪ್ಪಬಹುದು. ಅವಳ ತಂದೆ ಮುಂದಿನ ಸಲ ತಾವೇ ಜೊತೆಗೆ ಬಂದರು. ಹೆಚ್ಚು ಮಾತಾಡಲಿಲ್ಲ. ಹೊರಡುವಾಗ, ‘ಕಾಲೇಜಿಗೆ ಕಳಿಸ್ತಿದ್ದೀನಿ ಸಾರ್’ ಎಂದಷ್ಟೇ ಹೇಳಿದರು.

ಇದನ್ನು ಓದಿ, ಮಕ್ಕಳು ಬಿದ್ದರೆ ಭಯವಿಲ್ಲ ಎಂದು ಯಾರೂ ತಿಳಿಯಬಾರದು. ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಅವನ ಪಿ.ಟಿ. ಮೇಷ್ಟ್ರು ಕರೆತಂದರು. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಓಟದ ಅಭ್ಯಾಸ ಮಾಡುವಾಗ ಬಿದ್ದಿದ್ದ. ಎರಡು ನಿಮಿಷದಲ್ಲಿ ಎದ್ದು ಸರಿಹೋಗಿದ್ದ. ‘ಬಿಸಿಲು, ಹೊಟ್ಟೆಗೆ ಏನೂ ತಿಂದಿರಲಿಲ್ಲ’ ಎಂದು ಮನೆಯವರು ಹೇಳಿದರು. ಆದರೆ ಮೇಷ್ಟ್ರು ಸುಮ್ಮನಿರಲಿಲ್ಲ: ‘ಓಡಿ ಮುಗಿಸಿ ನಿಂತ ಮೇಲೆ ಬಿದ್ದಿದ್ರೆ ನಾನೂ ಸುಮ್ಮನಿರ್ತಿದ್ದೆ ಸಾರ್. ಇವನು ಓಡ್ತಾ ಓಡ್ತಾನೇ ಬಿದ್ದ. ನೆಲಕ್ಕೆ ಕೈ ಕೂಡ ಊರ್ಲಿಲ್ಲ.’ ಮುಖದ ಮೇಲಿನ ತರಚು ಅದಕ್ಕೆ ಸಾಕ್ಷಿಯಾಗಿತ್ತು.

ನಿಂತಿದ್ದು ಬೀಳುವುದು ಬೇರೆ, ಓಡುತ್ತ ಬೀಳುವುದು ಬೇರೆ. ಮುನ್ಸೂಚನೆ ಇಲ್ಲದೆ, ಶ್ರಮದ ನಡುವೆ ಜ್ಞಾನ ತಪ್ಪಿದರೆ ಮೊದಲು ಸಂಶಯ ಪಡಬೇಕಾದದ್ದು ಹೃದಯವನ್ನು. ‘ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ?’ ಎಂದು ಕೇಳಿದೆ. ತಾಯಿ ಇಲ್ಲ ಎಂದರು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಮಾತ್ರ, ‘ನನ್ನ ಮಗ ಇರ್ಲಿಲ್ವಾ, ಇವನ ಸೋದರಮಾವ. ಹತ್ತೊಂಬತ್ತು ವರ್ಷ. ಈಜೋಕೆ ಬಾವಿಗಿಳಿದೋನು ಬರ್ಲಿಲ್ಲ. ಊರಿಗೇ ಈಜು ಕಲಿಸಿದೋನು ಅವನು’ ಎಂದರು. ಅಷ್ಟು ವರ್ಷ ಆ ಮನೆಯಲ್ಲಿ ಅದು ಬಾವಿಯ ದೋಷವೆಂದೇ ನಂಬಿದ್ದರು.

ಇ.ಸಿ.ಜಿ.ಯಲ್ಲಿ ಉತ್ತರವಿತ್ತು. ಪ್ರತಿ ಬಡಿತದ ನಂತರ ಹೃದಯದ ವಿದ್ಯುತ್ತು ಮೊದಲಿನ ಸ್ಥಿತಿಗೆ ಮರಳಲು ಒಂದು ನಿಗದಿತ ಕಾಲ ಬೇಕು. ಆ ಹುಡುಗನಲ್ಲಿ ಅದು ಬಹಳ ದೀರ್ಘವಾಗಿತ್ತು. ವೈದ್ಯರು ಇದನ್ನು ‘ಲಾಂಗ್ ಕ್ಯೂ.ಟಿ.’ ಎನ್ನುತ್ತಾರೆ. ಓಟ, ಈಜು, ಹಠಾತ್ ಗಾಬರಿ ಇವುಗಳಿಂದ ಇಂಥ ಹೃದಯ ತಾಳ ತಪ್ಪಿ, ಕೆಲವೊಮ್ಮೆ ನಿಂತೇಹೋಗಬಹುದು. ಇದು ವಂಶದಲ್ಲಿ ಹರಿದು ಬರುತ್ತದೆ. ತಾಯಿಯ ಇ.ಸಿ.ಜಿ. ತೆಗೆದಾಗ ಅದರಲ್ಲೂ ಅದೇ ಗುರುತು. ಹೃದ್ರೋಗ ತಜ್ಞರು ಇಬ್ಬರಿಗೂ ದಿನವೂ ತೆಗೆದುಕೊಳ್ಳುವ ಮಾತ್ರೆ ಕೊಟ್ಟರು. ಹುಡುಗನಿಗೆ ಸ್ಪರ್ಧೆಯ ಓಟ ಬೇಡವೆಂದರು. ಅವನು ಅತ್ತ. ಅವನ ಪಾಲಿಗೆ ಅದು ಸಣ್ಣ ನಷ್ಟವೇನೂ ಅಲ್ಲ. ಆದರೆ ಮೇಷ್ಟ್ರು ಆ ಒಂದು ಮಾತನ್ನು ಹೇಳದೆ, ಗ್ಲೂಕೋಸ್ ಕುಡಿಸಿ ಮತ್ತೆ ಓಡಿಸಿದ್ದರೆ ಏನಾಗುತ್ತಿತ್ತು ಎಂದು ನೆನೆಯಲು ಮನಸ್ಸಾಗುವುದಿಲ್ಲ.

ಇದೇ ಕಾಯಿಲೆಯ ಇನ್ನೊಂದು ರೂಪ 1957ರಲ್ಲಿ ನಾರ್ವೆಯ ಒಂದು ಕುಟುಂಬದಲ್ಲಿ ಮೊದಲು ವರದಿಯಾಯಿತು. ಅಲ್ಲಿ ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರು. ಅವರು ಪದೇ ಪದೇ ಜ್ಞಾನ ತಪ್ಪಿ ಬೀಳುತ್ತಿದ್ದರು, ಮೂವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದಾಗ ಮಾತ್ರ ಈ ರೂಪ ಕಾಣಿಸಿಕೊಳ್ಳುತ್ತದೆ. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆ ಇದನ್ನು ವಿಶೇಷವಾಗಿ ನೆನಪಿಡಬೇಕು. ಹುಟ್ಟುಕಿವುಡಾದ ಮಗು ಜ್ಞಾನ ತಪ್ಪಿ ಬಿದ್ದರೆ ಇ.ಸಿ.ಜಿ. ಮಾಡಿಸದೆ ಬಿಡಬಾರದು.

ಇನ್ನು ‘ನಾಟಕ’ದ ಮಾತು. ಪರೀಕ್ಷೆಯ ಹೆದರಿಕೆಯಿಂದ ಏದುಸಿರು ಬಿಟ್ಟು, ಬೆರಳು ಜೋಮು ಹಿಡಿದು, ತಲೆ ತೇಲಿದಂತಾಗಿ ಬರುವ ಮಕ್ಕಳು ಇದ್ದಾರೆ. ಅದೂ ದೇಹದಲ್ಲಿ ನಿಜವಾಗಿ ಆಗುವಂಥದೇ. ಅತಿಯಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ. ಅಂಥ ಮಗುವಿಗೆ ಬೇಕಾದದ್ದು ಬೈಗುಳವಲ್ಲ. ಪಕ್ಕದಲ್ಲಿ ಕೂತು, ‘ನಿಧಾನ ಉಸಿರಾಡು, ಏನಾಯ್ತು ಹೇಳು’ ಎನ್ನುವ ಒಬ್ಬರು ಬೇಕು. ನಾಟಕ ಎಂಬ ತೀರ್ಪು ಮೊದಲೇ ಬಂದರೆ ಕಥೆ ಅಲ್ಲಿಗೇ ನಿಂತುಹೋಗುತ್ತದೆ. ಆಮೇಲೆ ಆ ಮಗುವಿಗೆ ನಿಜವಾದ ಕಾಯಿಲೆ ಬಂದಾಗಲೂ ಅದು ಬಾಯಿ ಬಿಡುವುದಿಲ್ಲ.

ಆದ್ದರಿಂದ ನಿಮ್ಮ ಎದುರು ಯಾರಾದರೂ ಬಿದ್ದರೆ, ಮೊದಲು ಅಡ್ಡ ಮಲಗಿಸಿ. ಉಸಿರಾಟವಿಲ್ಲದಿದ್ದರೆ, ಅಥವಾ ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ 108ಕ್ಕೆ ಫೋನ್ ಮಾಡಿ. ಉಳಿದಂತೆ ಕಣ್ಣು ಬಿಟ್ಟು ನೋಡಿ. ಬೀಳುವ ಮೊದಲು ನಿಂತಿದ್ದರೇ, ಓಡುತ್ತಿದ್ದರೇ, ಮಲಗಿದ್ದರೇ? ಏನಾದರೂ ಹೇಳಿದರೇ? ಮುಖ ಬಿಳಿಚಿತೇ, ನೀಲಿಯಾಯಿತೇ? ಅದುರಿದ್ದು ಬಿದ್ದ ಮೇಲೋ, ಮೊದಲೋ, ಎಷ್ಟು ಹೊತ್ತು? ಎದ್ದ ಕೂಡಲೇ ಏನು ಮಾತಾಡಿದರು? ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಉಪಚಾರಕ್ಕೆ ಇನ್ನೊಬ್ಬರಿದ್ದರೆ ಅರ್ಧ ನಿಮಿಷದ ವಿಡಿಯೊ ತೆಗೆದು ವೈದ್ಯರಿಗೆ ಮಾತ್ರ ತೋರಿಸಿ, ಬೇರೆ ಯಾರಿಗೂ ಕಳಿಸಬೇಡಿ. ತಂದೆತಾಯಿಗಳು ಮಗುವನ್ನು ಆಸ್ಪತ್ರೆಗೆ ಕರೆತರುವಾಗ, ಬಿದ್ದದ್ದನ್ನು ಕಂಡ ಗೆಳೆಯನನ್ನೋ ಗೆಳತಿಯನ್ನೋ ಮೇಷ್ಟ್ರನ್ನೋ ಜೊತೆಗೆ ಕರೆತನ್ನಿ. ಬರಲಾಗದಿದ್ದರೆ ಅವರ ಮಾತನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಬನ್ನಿ. ಮನೆಯ ಹಿರಿಯರನ್ನೂ ಒಮ್ಮೆ ವಿಚಾರಿಸಿ; ಚಿಕ್ಕಂದಿನಲ್ಲೇ ಹೋದವರ ನೆನಪು ಉಳಿದಿರುವುದು ಅವರಲ್ಲೇ. ಸ್ಕ್ಯಾನಿನ ಚೀಟಿಗಳ ಕಟ್ಟಿಗಿಂತ ಆ ಒಂದು ಹಾಳೆ ನನ್ನಂಥವನಿಗೆ ಹೆಚ್ಚು ಪ್ರಯೋಜನಕ್ಕೆ ಬಂದಿದೆ.